ಅಮ್ಮನಿಗೂ ಒಂದು ಟಿಕೆಟ್ ಇರಲಿ!

"ನೀವೆಲ್ಲ ಒಳಗೆ ಹೋಗಿ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಬ್ಯಾಗು ಕಾಯ್ಕೊಂಡು ಕೂತಿರ್ತೀನಿ..."

ಈ ಮಾತು ಯಾರದೆಂದು ಬೇರೆ ಹೇಳಬೇಕೇ? ಗೋಳಗುಮ್ಮಟದ ಬಾಗಿಲಲ್ಲಿ, ಜೋಗದ ಮೆಟ್ಟಿಲ ತುದಿಯಲ್ಲಿ, ಮ್ಯೂಸಿಯಂ ಟಿಕೆಟ್ ಕೌಂಟರಿನ ಎದುರಲ್ಲಿ, ಎಲ್ಲ ಕಡೆಯೂ ಮನೆಯ ಹೆಂಗಸರ ಬಾಯಿಂದ ಬರುವ ಮಾತಿದು. ಮೊಣಕಾಲು ನೋವು ಒಂದು ನೆಪ. ಒಂದು ಟಿಕೆಟ್ಟಿನ ದುಡ್ಡು ಉಳಿಯಿತಲ್ಲ ಎನ್ನುವುದು ಇನ್ನೊಂದು. ಮೂರನೆಯದೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಅದೆಲ್ಲ ನನಗೇನು ತಿಳಿಯುತ್ತೆ ಬಿಡಿ" ಎಂಬ ಹಿಂಜರಿಕೆ.

ಈಗ ಈ ಮಾತು ಸೂಟ್‌ಕೇಸಿನ ಜತೆ ಅಮೆರಿಕಕ್ಕೂ ಹೋಗಿದೆ ನೋಡಿ! ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಹುಟ್ಟುಹಬ್ಬಕ್ಕೆಂದೋ ಐದಾರು ತಿಂಗಳು ಅಲ್ಲಿಗೆ ಹೋಗಿ ಬರುವ ತಾಯಂದಿರು ನಮ್ಮ ಪ್ರತಿ ಬೀದಿಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ರಜೆ ಬಂತೆಂದರೆ ಮಕ್ಕಳು ಕಾರು ತೆಗೆಯುತ್ತಾರೆ. ನಯಾಗರ ಆಯಿತು, ಡಿಸ್ನಿ ಆಯಿತು. ದಕ್ಷಿಣದ ರಾಜ್ಯಗಳಲ್ಲಿ ಇರುವವರು, "ಅಮ್ಮಾ, ಈ ಸಲ ನ್ಯಾಶ್‌ವಿಲ್‌ಗೆ ಹೋಗೋಣ" ಎನ್ನುತ್ತಾರೆ.

"ಅಲ್ಲೇನಿದೆಯೋ?"

"ಹಾಡು ಅಮ್ಮಾ. ಕಂಟ್ರಿ ಮ್ಯೂಸಿಕ್‌ಗೆ ಅದೇ ರಾಜಧಾನಿ."

"ಅಯ್ಯೋ, ಇಂಗ್ಲಿಷ್ ಹಾಡು ಕೇಳೋಕೆ ನಾನ್ಯಾಕಪ್ಪ? ನೀವು ಹೋಗಿ ಬನ್ನಿ, ನಾನು ಪಾಪು ನೋಡ್ಕೋತೀನಿ."

ಇಲ್ಲಿ ಸ್ವಲ್ಪ ನಿಲ್ಲೋಣ. ಗೃಹಿಣಿಯೊಬ್ಬಳು ಹೊರಗೆ ಕೂರಲೇಬಾರದ ಊರು ಅಂತ ಒಂದಿದ್ದರೆ ಅದು ನ್ಯಾಶ್‌ವಿಲ್ ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಆ ಊರಿಗೆ ಹೆಸರನ್ನೂ ಹಣವನ್ನೂ ತಂದುಕೊಟ್ಟದ್ದು ಅಡುಗೆಮನೆ, ತೊಟ್ಟಿಲು, ಸಾಲ, ಕುಡುಕ ಗಂಡ, ತವರಿನ ನೆನಪು ಇಂಥವುಗಳ ಮೇಲೆ ಕಟ್ಟಿದ ಹಾಡುಗಳು. ಇದೆಲ್ಲ ನಮಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

ಹಳ್ಳಿಯ ಹಾಡು, ಪಟ್ಟಣದ ಪೇಟೆ

ಟೆನೆಸಿ ರಾಜ್ಯದ ರಾಜಧಾನಿ ನ್ಯಾಶ್‌ವಿಲ್ ಕಂಬರ್ಲ್ಯಾಂಡ್ ನದಿಯ ದಂಡೆಯ ಮೇಲಿದೆ. ಅಟ್ಲಾಂಟಾದಿಂದ ಸುಮಾರು 250 ಮೈಲಿ, ಅಂದರೆ 400 ಕಿಲೋಮೀಟರ್. ಕಾರಿನಲ್ಲಿ ನಾಲ್ಕು ಗಂಟೆಯ ಹಾದಿ. ಅಟ್ಲಾಂಟಾದ ಗಡಿಯಾರಕ್ಕಿಂತ ಇಲ್ಲಿನದು ಒಂದು ಗಂಟೆ ಹಿಂದೆ. ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ಅಷ್ಟೇ ನಷ್ಟ! ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವ ಹಿರಿಯರಿದ್ದರೆ ಇದನ್ನು ನೆನಪಿಡಿ.

ಕಂಟ್ರಿ ಮ್ಯೂಸಿಕ್ ಎಂದರೆ ಏನೋ ದೊಡ್ಡ ವಿದ್ಯೆಯಲ್ಲ. ಬ್ರಿಟನ್, ಐರ್ಲೆಂಡ್ ಕಡೆಯಿಂದ ವಲಸೆ ಬಂದು ಅಪಲೇಚಿಯನ್ ಬೆಟ್ಟಗಳಲ್ಲಿ ನೆಲೆಸಿದ ಬಡ ರೈತರು ತಮ್ಮ ಜತೆ ಪಿಟೀಲು ತಂದರು. ಗುಲಾಮರಾಗಿ ಬಂದ ಆಫ್ರಿಕಾದ ಜನ ಬ್ಯಾಂಜೋ ಎಂಬ ತಂತಿವಾದ್ಯದ ಮೂಲವನ್ನು ತಂದರು. ಅದಕ್ಕೆ ಗಿಟಾರ್ ಸೇರಿತು, ಚರ್ಚಿನ ಭಜನೆಗಳ ಧಾಟಿ ಸೇರಿತು. ಬೀಸುವಾಗ, ಕುಟ್ಟುವಾಗ ನಮ್ಮ ಅಜ್ಜಿಯಂದಿರು ಹೇಳಿಕೊಂಡ ಪದಗಳ ಹಾಗೆ ಇವೂ ಕಷ್ಟ ಸುಖ ಹೇಳಿಕೊಳ್ಳುವ ಹಾಡುಗಳು. ನಮ್ಮ ಪದಗಳು ಬೀಸುವ ಕಲ್ಲಿನ ಜತೆಗೇ ಮೂಲೆ ಸೇರಿದವು. ಅವರ ಹಾಡುಗಳಿಗೆ ರೇಡಿಯೋ ಸಿಕ್ಕಿತು.

ಆ ರೇಡಿಯೋ ಒಂದು ವಿಮಾ ಕಂಪನಿಯದು! 1925ರ ನವೆಂಬರ್ 28ರಂದು ನ್ಯಾಶ್‌ವಿಲ್‌ನ ಆ ಕೇಂದ್ರದಿಂದ 77 ವರ್ಷದ ಒಬ್ಬ ಅಜ್ಜ ಪಿಟೀಲು ನುಡಿಸಿದ. ಅದೇ ಮುಂದೆ 'ಗ್ರ್ಯಾಂಡ್ ಓಲ್ ಓಪ್ರಿ' ಎಂಬ ಕಾರ್ಯಕ್ರಮವಾಗಿ ಬೆಳೆದು 2025ಕ್ಕೆ ನೂರು ವರ್ಷ ತುಂಬಿಸಿತು.

ಹೆಸರು ಮುಚ್ಚಿಟ್ಟ ಯಜಮಾನಿ

ಊರಿನ ನಡುಮಧ್ಯದ ರೈಮನ್ ಆಡಿಟೋರಿಯಂ ಮೊದಲು ನೋಡಿ. ಕೆಂಪು ಇಟ್ಟಿಗೆಯ ಕಟ್ಟಡ, ಬಣ್ಣದ ಗಾಜಿನ ಕಿಟಕಿ, ಒಳಗೆ ಚರ್ಚಿನಂತೆ ಸಾಲು ಸಾಲು ಮರದ ಬೆಂಚು. ಇದು ಹುಟ್ಟಿದ್ದೇ ಪ್ರಾರ್ಥನಾ ಮಂದಿರವಾಗಿ. ದೋಣಿ ವ್ಯಾಪಾರದ ಕ್ಯಾಪ್ಟನ್ ಟಾಮ್ ರೈಮನ್ ಎಂಬಾತ ಒಬ್ಬ ಪ್ರವಚನಕಾರರ ಮಾತಿಗೆ ಮನಸೋತು ಕಟ್ಟಿಸಿದ. 1892ರಲ್ಲಿ ತೆರೆಯಿತು. ಈಗಲೂ ಜನ ಇದನ್ನು ಕಂಟ್ರಿ ಸಂಗೀತದ ತಾಯಿಗುಡಿ ಎಂದೇ ಕರೆಯುತ್ತಾರೆ.

ಆ ತಾಯಿಗುಡಿಯನ್ನು ಉಳಿಸಿದ ತಾಯಿಯ ಕಥೆಯೂ ಅಲ್ಲೇ ಸಿಗುತ್ತದೆ. ಲೂಲಾ ನ್ಯಾಫ್ ಎಂಬಾಕೆ ವಿಧವೆ, ತಾಯಿ. ಕಾರ್ಯಕ್ರಮ ಏರ್ಪಡಿಸುವ ಕಂಪನಿಯೊಂದರಲ್ಲಿ ಶೀಘ್ರಲಿಪಿ ಬರೆಯುತ್ತಿದ್ದವರು. ಆ ಕಂಪನಿ 1914ರಲ್ಲಿ ಮುಚ್ಚಿತು. ಕೆಲಸ ಹೋಯಿತೆಂದು ಆಕೆ ಕೈಕಟ್ಟಿ ಕೂರಲಿಲ್ಲ. ರೈಮನ್ ಅನ್ನು ಬಾಡಿಗೆಗೆ ಹಿಡಿದು ತಾವೇ ನಾಟಕ, ಸಂಗೀತ, ಭಾಷಣಗಳನ್ನು ಏರ್ಪಡಿಸತೊಡಗಿದರು. 1920ರಲ್ಲಿ ಅಧಿಕೃತವಾಗಿ ಮ್ಯಾನೇಜರ್ ಆದರು. 1955ರವರೆಗೆ ನಡೆಸಿದರು! ಹೆಂಗಸೆಂದು ಗೊತ್ತಾದರೆ ವ್ಯವಹಾರ ಕುದುರದೇನೋ ಎಂದು ಪತ್ರಗಳಲ್ಲಿ 'ಎಲ್.ಸಿ. ನ್ಯಾಫ್' ಎಂದಷ್ಟೇ ಸಹಿ. ಆ ಸಭಾಂಗಣದಲ್ಲಿ ಮೊತ್ತಮೊದಲ ಬಾರಿಗೆ ಎಲ್ಲ ಟಿಕೆಟ್ಟೂ ಖರ್ಚಾದದ್ದು ಯಾರ ಕಾರ್ಯಕ್ರಮಕ್ಕೆ ಗೊತ್ತೇ? 1913ರಲ್ಲಿ ಹೆಲೆನ್ ಕೆಲರ್ ಮತ್ತು ಅವರ ಗುರು ಆನ್ ಸಲಿವನ್ ಬಂದಾಗ. ಕಣ್ಣೂ ಕಿವಿಯೂ ಇಲ್ಲದ ಹೆಣ್ಣುಮಗಳ ಮಾತು ಕೇಳಲು ಊರಿಗೆ ಊರೇ ಬಂದಿತ್ತು.

1943ರಿಂದ 1974ರವರೆಗೆ ಓಪ್ರಿ ಕಾರ್ಯಕ್ರಮ ಈ ವೇದಿಕೆಯಲ್ಲೇ ನಡೆಯಿತು. ಬೆಂಚಿನ ಮೇಲೆ ಒಂದು ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಮೊಣಕಾಲಿಗೂ ವಿಶ್ರಾಂತಿ, ಮನಸ್ಸಿಗೂ.

ಆರು ಅಡಿಯ ಮರದ ವೃತ್ತ

ಈಗ ಓಪ್ರಿ ನಡೆಯುವುದು ಊರ ನಡುವಿನಿಂದ ಹತ್ತು ಮೈಲಿಯಷ್ಟು ಆಚೆಗಿನ ಓಪ್ರಿ ಹೌಸ್‌ನಲ್ಲಿ. ಹೊಸ ಕಟ್ಟಡಕ್ಕೆ ಹೋಗುವಾಗ ರೈಮನ್ ವೇದಿಕೆಯಿಂದ ಆರು ಅಡಿ ಅಗಲದ ಮರದ ವೃತ್ತವೊಂದನ್ನು ಕತ್ತರಿಸಿ ತಂದು ಹೊಸ ವೇದಿಕೆಯ ನಡುವೆ ಕೂರಿಸಿದರು. ಹೊಸ ಮನೆಗೆ ಹೋಗುವಾಗ ಹಳೇ ಮನೆಯ ದೇವರ ಪೀಠ ಒಯ್ಯುತ್ತೇವಲ್ಲ, ಹಾಗೆ. 2010ರ ಮೇ ತಿಂಗಳ ಪ್ರವಾಹದಲ್ಲಿ ವೇದಿಕೆಯೇ ನೀರಲ್ಲಿ ಮುಳುಗಿತ್ತು. ಆ ವೃತ್ತವನ್ನು ಒಣಗಿಸಿ, ಸರಿಪಡಿಸಿ, ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಹಾಡು ಶುರು ಮಾಡಿದರು.

"ಎರಡು ಗಂಟೆ ಅರ್ಥವಾಗದ ಹಾಡು ಕೇಳೋದು ಹೇಗೆ?" ಎಂಬ ಭಯ ಬೇಡ. ಇಲ್ಲಿ ಒಬ್ಬರೇ ಹಾಡುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ಎರಡು ಮೂರು ಹಾಡು ಹೇಳಿ ಹೋಗುತ್ತಾರೆ. ನಡುವೆ ಹಾಸ್ಯ, ಕುಣಿತ, ರೇಡಿಯೋ ಜಾಹೀರಾತು! ಇದೇ ವೇದಿಕೆಯ ಪರಂಪರೆಗೆ ಸೇರಿದವರು ಮಿನಿ ಪರ್ಲ್. ಟೊಪ್ಪಿಗೆಯಲ್ಲಿ 1 ಡಾಲರ್ 98 ಸೆಂಟಿನ ಬೆಲೆಚೀಟಿ ನೇತಾಡಿಸಿಕೊಂಡೇ ಬಂದು ದಶಕಗಟ್ಟಲೆ ನಗಿಸಿದ ಹೆಂಗಸು. ಸೀರೆಯ ಬೆಲೆಚೀಟಿ ಕೀಳುವುದನ್ನು ಮರೆತು ಮದುವೆಮನೆಗೆ ಹೋದವರಿಗೆ ಈ ಹಾಸ್ಯ ವಿವರಿಸಬೇಕೇ?

ಪಕ್ಕದಲ್ಲೇ ಇರುವ ದೊಡ್ಡ ಹೋಟೆಲಿನ ಒಳಗೆ ಗಾಜಿನ ಛಾವಣಿಯ ಕೆಳಗೆ ಒಂಬತ್ತು ಎಕರೆ ತೋಟವಿದೆ. ಜಲಪಾತ, ಕಾಲುವೆ, ಹೂಗಿಡ ಎಲ್ಲವೂ ಇವೆ. ಅಲ್ಲಿ ತಂಗದಿದ್ದರೂ ಸುತ್ತಾಡಿ ಬರಬಹುದು. ಬಿಸಿಲಿಲ್ಲ, ಮಳೆಯಿಲ್ಲ. ಕೈಗಾಡಿಯಲ್ಲಿ ಕೂಸಿಟ್ಟುಕೊಂಡವರಿಗೂ ಊರುಗೋಲಿನ ಅಜ್ಜಿಗೂ ಇದು ಅನುಕೂಲ. ಪಾರ್ಕಿಂಗಿಗೆ ಮಾತ್ರ ದುಡ್ಡು ತೆರಬೇಕು.

ನಮ್ಮಂಥವರೇ ಹಾಡಿದ ಹಾಡು

ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಎಂಬ ಮ್ಯೂಸಿಯಂ 2001ರಿಂದ ಈಗಿನ ಕಟ್ಟಡದಲ್ಲಿದೆ. ಹೊರಗಿನ ಕಿಟಕಿಗಳೇ ಪಿಯಾನೋ ಮಣೆಗಳಂತೆ ಕಾಣುತ್ತವೆ. ಗಂಡಸರು, ಗಂಡುಮಕ್ಕಳು ಎಲ್ವಿಸ್ ಪ್ರೀಸ್ಲಿಯ ಥಳಥಳಿಸುವ ಕಾರಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾ ನಿಲ್ಲುತ್ತಾರೆ. ನಿಲ್ಲಲಿ. ನೀವು ಮೂವರು ಹೆಂಗಸರನ್ನು ಹುಡುಕಿಕೊಂಡು ಹೋಗಿ.

ಮೊದಲನೆಯವರು ಕಿಟಿ ವೆಲ್ಸ್. ನ್ಯಾಶ್‌ವಿಲ್‌ನಲ್ಲೇ 1919ರಲ್ಲಿ ಹುಟ್ಟಿದವರು. 1952ರಲ್ಲಿ ಅವರು ಮೂರು ಮಕ್ಕಳ ತಾಯಿ. ಹಾಡು ಸಾಕು, ಮನೆ ನೋಡಿಕೊಂಡಿರೋಣ ಎಂಬ ಯೋಚನೆಯಲ್ಲಿದ್ದರು. ಆಗ ಒಂದು ಹಾಡು ಬಂತು. ಗಂಡಸೊಬ್ಬ ಹಾಡಿದ, ಹೆಣ್ಣು ಹಾದಿ ತಪ್ಪಿದಳೆಂದು ದೂರುವ ಹಾಡಿಗೆ ಅದು ಉತ್ತರ. ಹೆಣ್ಣು ಕೆಟ್ಟಳೆನ್ನುವ ಮೊದಲು ಮೋಸ ಮಾಡಿದ ಗಂಡಸನ್ನು ಕೇಳಿ ಎಂಬುದು ಅದರ ಧಾಟಿ. ರೆಕಾರ್ಡಿಂಗಿಗೆ 125 ಡಾಲರ್ ಸಿಗುತ್ತದಲ್ಲ ಎಂದೇ ಅವರು ಒಪ್ಪಿದ್ದು. ಕೆಲವು ಕಡೆ ಹಾಡನ್ನು ನಿಷೇಧಿಸಿದರೂ ಆರು ವಾರ ಅದು ಮೊದಲ ಸ್ಥಾನದಲ್ಲಿ ಕೂತಿತು. ಕಂಟ್ರಿ ಪಟ್ಟಿಯಲ್ಲಿ ಒಂಟಿಯಾಗಿ ಹಾಡಿದ ಹೆಣ್ಣೊಬ್ಬಳು ಮೊದಲ ಸ್ಥಾನಕ್ಕೇರಿದ್ದು ಅದೇ ಮೊದಲು. ಮನೆಖರ್ಚಿಗೆಂದು ಒಪ್ಪಿಕೊಂಡ ಕೆಲಸ ಚರಿತ್ರೆಯಾಯಿತು!

ಎರಡನೆಯವರು ಲೊರೆಟಾ ಲಿನ್. ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. 15ಕ್ಕೆ ಮದುವೆ, 20 ತುಂಬುವ ಹೊತ್ತಿಗೆ ನಾಲ್ಕು ಮಕ್ಕಳು. ಗಂಡ ತಂದುಕೊಟ್ಟ ಅಗ್ಗದ ಗಿಟಾರಿನಲ್ಲಿ ತಾನೇ ಕಲಿತು, ತಾನೇ ಹಾಡು ಬರೆದರು. ಕುಡಿದು ಬರುವ ಗಂಡನಿಗೆ ಬೈದು ಹಾಡಿದರು. 1975ರಲ್ಲಿ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹಾಡಿದಾಗ ಎಷ್ಟೋ ರೇಡಿಯೋ ಕೇಂದ್ರಗಳು ಹಾಕಲು ಒಪ್ಪಲಿಲ್ಲ. ಹೆತ್ತು ಹೆತ್ತು ಸಾಕಾದ ಹೆಣ್ಣು ಅದನ್ನು ಬಾಯಿಬಿಟ್ಟು ಹೇಳಿದರೆ ಯಾವ ದೇಶದಲ್ಲೂ ಕಿರಿಕಿರಿಯೇ ನೋಡಿ. ಅಷ್ಟು ಹೊತ್ತಿಗಾಗಲೇ, 1972ರಲ್ಲಿ, ಕಂಟ್ರಿ ಸಂಗೀತ ಸಂಘದ ವರ್ಷದ ಅತ್ಯುನ್ನತ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರಾಗಿದ್ದರು. 2022ರಲ್ಲಿ ತೀರಿಕೊಂಡರು.

ಮೂರನೆಯವರು ಡಾಲಿ ಪಾರ್ಟನ್. 1946ರಲ್ಲಿ ಟೆನೆಸಿಯ ಬೆಟ್ಟದೂರಿನಲ್ಲಿ ಹನ್ನೆರಡು ಮಕ್ಕಳ ಬಡಮನೆಯಲ್ಲಿ ಹುಟ್ಟಿದರು. ಅವರಮ್ಮ ಬಣ್ಣ ಬಣ್ಣದ ಬಟ್ಟೆಚೂರು ಸೇರಿಸಿ ಮಗಳಿಗೊಂದು ಕೋಟು ಹೊಲಿದಿದ್ದರು. ಶಾಲೆಯಲ್ಲಿ ಮಕ್ಕಳು ನಕ್ಕರು. 1971ರಲ್ಲಿ ಅದನ್ನೇ ಡಾಲಿ ಹಾಡು ಮಾಡಿದರು. 2023ರಲ್ಲಿ ಅಟ್ಲಾಂಟಾದ ಮೈದುನನ ಮನೆಯಿಂದ ನಾವು ಹೊರಟಾಗ ಕಾರಿನಲ್ಲಿ ಈ ಕಥೆಯನ್ನು ನಮ್ಮತ್ತೆಗೆ ಹೇಳಿದೆ. ಧಾರವಾಡದ ಕಡೆಯವರು. "ನಮ್ಮವ್ವನೂ ಹಳೀ ಸೀರಿ ಚೂರು ಜೋಡಿಸಿ ಕೌದಿ ಹೊಲೀತಿದ್ಲು. ಆಕಿ ಮ್ಯಾಲ ಯಾರೂ ಹಾಡು ಕಟ್ಟಲಿಲ್ಲ ನೋಡವಾ" ಅಂದರು. ಆಮೇಲೆ ಮ್ಯೂಸಿಯಂನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತು ನೋಡಿದವರು ಅವರೇ. ಇಂಗ್ಲಿಷ್ ಬಾರದು ಎಂಬುದು ಎಲ್ಲೂ ಅಡ್ಡ ಬರಲಿಲ್ಲ. ಮೊದಲೇ ಕಥೆ ಹೇಳಿದ್ದು ಸಾಕಾಯಿತು.

ಡಾಲಿಯಿಂದ ಕಲಿಯಲು ಇನ್ನೂ ಒಂದಿದೆ. ಅವರ ಒಂದು ಹಾಡನ್ನು ಎಲ್ವಿಸ್ ಹಾಡಬೇಕೆಂದಿದ್ದಾಗ, ಹಾಡಿನ ಹಕ್ಕಿನಲ್ಲಿ ಅರ್ಧ ಕೊಡಬೇಕೆಂದು ಎಲ್ವಿಸ್‌ನ ಮ್ಯಾನೇಜರ್ ಕೇಳಿದರು. ಅತ್ತರೂ ಸರಿ, ಕೊಡುವುದಿಲ್ಲ ಎಂದರು ಡಾಲಿ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಹಾಡಿ ಲೋಕಪ್ರಸಿದ್ಧ ಮಾಡಿದಾಗ ಆ ಹಕ್ಕಿನ ಬೆಲೆ ಎಲ್ಲರಿಗೂ ಗೊತ್ತಾಯಿತು. ಆಸ್ತಿಪತ್ರಕ್ಕೆ ಓದದೆ ಸಹಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಹೇಳಲೇಬೇಕು. ಓದು ಬರಹ ಬಾರದಿದ್ದ ತಂದೆಯ ನೆನಪಿಗೆ 1995ರಲ್ಲಿ ಅವರು ಆರಂಭಿಸಿದ ಯೋಜನೆ ಪುಟ್ಟ ಮಕ್ಕಳಿಗೆ ಈವರೆಗೆ 20 ಕೋಟಿಗೂ ಹೆಚ್ಚು ಪುಸ್ತಕ ಉಚಿತವಾಗಿ ಕೊಟ್ಟಿದೆ.

ಬ್ರಾಡ್‌ವೇ ಗದ್ದಲ, ಬ್ಲೂಬರ್ಡ್ ಮೌನ

ಬ್ರಾಡ್‌ವೇ ಎಂಬ ಬೀದಿಯಲ್ಲಿ ಸಾಲು ಸಾಲು ಬಾರುಗಳು. ಬೆಳಿಗ್ಗೆಯಿಂದಲೇ ಒಳಗೆ ಹಾಡು. ಹೆಚ್ಚಿನ ಕಡೆ ಒಳಗೆ ಹೋಗಲು ದುಡ್ಡಿಲ್ಲ. ಆದರೆ ಹಾಡುವವರ ಹೊಟ್ಟೆಪಾಡು ಮುಂದಿಟ್ಟ ಡಬ್ಬಿಯ ಮೇಲೆ ನಿಂತಿದೆ. ಎರಡು ಹಾಡು ಕೇಳಿದಿರಾ, ಡಬ್ಬಿಗೆ ಒಂದೆರಡು ಡಾಲರ್ ಹಾಕಿ. ಮಕ್ಕಳ ಕೈಯಲ್ಲೇ ಹಾಕಿಸಿ, ದುಡಿಮೆಯ ಬೆಲೆ ಅವರಿಗೂ ತಿಳಿಯಲಿ. ಹಗಲಲ್ಲಿ ಮಕ್ಕಳನ್ನು ಬಿಡುವ ಎಷ್ಟೋ ಕಡೆ ಸಂಜೆಯಾದ ಮೇಲೆ 21 ತುಂಬಿದವರಿಗೆ ಮಾತ್ರ ಪ್ರವೇಶ. ಕುಟುಂಬದೊಂದಿಗೆ ಹೋಗುವವರು ಊಟದ ಹೊತ್ತಿಗೆ ಹೋಗಿ ಕತ್ತಲಾಗುವ ಮುನ್ನ ಹೊರಬೀಳುವುದೇ ವಾಸಿ.

ಆ ಬೀದಿಯ ನೇರಳೆ ಬಣ್ಣದ ಟೂಟ್ಸೀಸ್ ಎಂಬ ಬಾರಿನ ಹಿಂಬಾಗಿಲು ರೈಮನ್ ಕಡೆಗೇ ಇದೆ. 1960ರಲ್ಲಿ ಅದನ್ನು ಕೊಂಡ ಟೂಟ್ಸಿ ಬೆಸ್ ಎಂಬಾಕೆ ಕಾಸಿಲ್ಲದ ಹಾಡುಗಾರರಿಗೆ ಸಾಲ ಕೊಟ್ಟು ಚೀಟಿಗಳನ್ನು ಸಿಗಾರ್ ಡಬ್ಬಿಯಲ್ಲಿ ತುಂಬಿಡುತ್ತಿದ್ದರಂತೆ. ವರ್ಷದ ಕೊನೆಗೆ ಓಪ್ರಿಯ ಕಲಾವಿದರೇ ಸೇರಿ ಸಾಲ ತೀರಿಸುತ್ತಿದ್ದರಂತೆ.

ಗದ್ದಲ ಆಗದವರಿಗೆ ಬ್ಲೂಬರ್ಡ್ ಕೆಫೆ ಇದೆ. 1982ರಲ್ಲಿ ಏಮಿ ಕರ್ಲೆಂಡ್ ಎಂಬ ಮಹಿಳೆ ಆರಂಭಿಸಿದ್ದು. ಅಂಗಡಿ ಸಾಲಿನ ನಡುವೆ ತೊಂಬತ್ತು ಜನ ಹಿಡಿಸುವಷ್ಟು ಜಾಗ. ಹಾಡು ಬರೆದವರೇ ನಡುವೆ ಕೂತು, ಹೇಗೆ ಬರೆದೆವೆಂದು ಹೇಳಿ ಹಾಡುತ್ತಾರೆ. ಕೇಳುವವರು ಪಿಸುಗುಟ್ಟಿದರೂ "ಶ್!" ಎನ್ನುತ್ತಾರೆ. ಟೇಲರ್ ಸ್ವಿಫ್ಟ್ 14 ವರ್ಷದವಳಿದ್ದಾಗ ಹಾಡಿ ರೆಕಾರ್ಡಿಂಗ್ ಕಂಪನಿಯವರ ಕಣ್ಣಿಗೆ ಬಿದ್ದದ್ದು ಇಲ್ಲೇ ಎಂದರೆ ನಿಮ್ಮ ಹರೆಯದ ಮಗಳು ತಾನಾಗಿಯೇ ಹೊರಡುತ್ತಾಳೆ! ಟಿಕೆಟ್ ಬೇಗ ಖಾಲಿಯಾಗುವುದರಿಂದ ಮುಂಗಡ ಕಾಯ್ದಿರಿಸಬೇಕು.

ಒಬ್ಬ ತಾಯಿಯ ಪತ್ರ

ಹಾಡಿನ ಊರು ಎಂದು ಹಾಡಷ್ಟೇ ಕೇಳಿ ಬಂದರೆ ಪೂರ್ತಿ ನೋಡಿದಂತಾಗದು. ಗುಡ್ಡದ ಮೇಲಿನ ಶಾಸನಸಭೆಯ ಕಟ್ಟಡವನ್ನು ಮಕ್ಕಳಿಗೆ ತೋರಿಸಿ ಈ ಕಥೆ ಹೇಳಿ. ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಸಿಗಲು 36 ರಾಜ್ಯಗಳ ಒಪ್ಪಿಗೆ ಬೇಕಿತ್ತು. 35 ಸಿಕ್ಕಿ ನಿಂತಿತ್ತು. 1920ರ ಆಗಸ್ಟ್ 18ರಂದು ಟೆನೆಸಿಯ ಸರದಿ. 24 ವರ್ಷದ ಹ್ಯಾರಿ ಬರ್ನ್ ಎಂಬ ಸದಸ್ಯ ವಿರೋಧಿಗಳ ಗುರುತಾದ ಕೆಂಪು ಗುಲಾಬಿ ಸಿಕ್ಕಿಸಿಕೊಂಡು ಬಂದಿದ್ದ. ಜೇಬಿನಲ್ಲಿ ಮಾತ್ರ ತಾಯಿಯ ಪತ್ರವಿತ್ತು. ಹೆಂಗಸರ ಪರ ಮತ ಹಾಕು ಮಗನೇ ಎಂದು ಫೆಬ್ ಬರ್ನ್ ಎಂಬ ಆ ಹಳ್ಳಿಯ ತಾಯಿ ಬರೆದಿದ್ದರು. ಅವನು ಹಾಕಿದ. ಹಕ್ಕು ಬಂತು.

ಊರ ನಡುವಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಆ ಹೋರಾಟದ ಪ್ರದರ್ಶನವಿದೆ. ಕರಿಯ ಜನರ ನಾಗರಿಕ ಹಕ್ಕುಗಳಿಗೆ ಮೀಸಲಾದ ಕೋಣೆಯೂ ಇದೆ. ಎರಡನ್ನೂ ನೋಡಲು ದುಡ್ಡಿಲ್ಲ. ಎರಡನೆಯದರಲ್ಲಿ ನಮ್ಮ ಗಾಂಧೀಜಿ ಸಿಗುತ್ತಾರೆ. ಜೇಮ್ಸ್ ಲಾಸನ್ ಎಂಬ ಪಾದ್ರಿ 1950ರ ದಶಕದಲ್ಲಿ ನಾಗಪುರದಲ್ಲಿದ್ದು ಸತ್ಯಾಗ್ರಹವನ್ನು ಅಭ್ಯಾಸ ಮಾಡಿದರು. ಆಮೇಲೆ ನ್ಯಾಶ್‌ವಿಲ್‌ಗೆ ಬಂದು ವಿದ್ಯಾರ್ಥಿಗಳಿಗೆ ಅದನ್ನು ಕಲಿಸಿದರು. 1960ರಲ್ಲಿ ಆ ಹುಡುಗ ಹುಡುಗಿಯರು ಬಿಳಿಯರಿಗಷ್ಟೇ ತಿಂಡಿ ಕೊಡುತ್ತಿದ್ದ ಅಂಗಡಿಗಳಲ್ಲಿ ಸುಮ್ಮನೆ ಹೋಗಿ ಕೂತರು. ಹೊಡೆಸಿಕೊಂಡರು, ಜೈಲಿಗೆ ಹೋದರು. ಏಪ್ರಿಲ್ 19ರಂದು 21 ವರ್ಷದ ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಮೇಯರನ್ನು ಎಲ್ಲರೆದುರು ನಿಲ್ಲಿಸಿ, ಈ ಭೇದ ಸರಿಯೇ ಎಂದು ಕೇಳಿದಳು. ಸರಿಯಲ್ಲ ಎಂದು ಅವರು ಒಪ್ಪಬೇಕಾಯಿತು. ಮುಂದಿನ ತಿಂಗಳೇ ಅಂಗಡಿಗಳ ಬಾಗಿಲು ತೆರೆಯಿತು. ಓಪ್ರಿಯ ಮೊದಲ ಕರಿಯ ಕಲಾವಿದ, ಮೌತ್ ಆರ್ಗನ್ ನುಡಿಸುತ್ತಿದ್ದ ಡಿಫೋರ್ಡ್ ಬೈಲಿಯನ್ನು 1941ರಲ್ಲಿ ಕೆಲಸದಿಂದ ತೆಗೆದದ್ದೂ, 2005ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿ ಗೌರವಿಸಿದ್ದೂ ಇದೇ ಊರು. ಎರಡನ್ನೂ ಮಕ್ಕಳಿಗೆ ಹೇಳಿ.

ಸೆಂಟೆನಿಯಲ್ ಪಾರ್ಕಿನಲ್ಲಿ ಗ್ರೀಸ್ ದೇಶದ ಪಾರ್ಥೆನಾನ್ ದೇಗುಲದ ಪೂರ್ಣ ಗಾತ್ರದ ಪ್ರತಿರೂಪವಿದೆ. 1897ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು, ಮುಂದೆ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಒಳಗೆ 42 ಅಡಿ ಎತ್ತರದ ಅಥೀನಾ ದೇವಿ, ಚಿನ್ನದ ಲೇಪದ ಅಲಂಕಾರ. ವಿದ್ಯೆಗೂ ಯುದ್ಧಕ್ಕೂ ಅವಳೇ ದೇವತೆ. ನಮ್ಮ ಸರಸ್ವತಿ, ಚಾಮುಂಡಿ ಇಬ್ಬರೂ ಒಬ್ಬಳಲ್ಲೇ! ಅದೇ ಪಾರ್ಕಿನಲ್ಲಿ ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರ ಪ್ರತಿಮೆಗಳೂ 2016ರಿಂದ ನಿಂತಿವೆ. ಹಸಿರು ಹುಲ್ಲು, ಕೆರೆ, ಮಕ್ಕಳು ಓಡಾಡಲು ಜಾಗ. ತಂದ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ತಾಣವಿಲ್ಲ.

ಊಟದ ಮಾತು

ಈ ಊರಿನ 'ಹಾಟ್ ಚಿಕನ್' ಪ್ರಸಿದ್ಧ. ಪ್ರಿನ್ಸ್ ಎಂಬ ರಸಿಕ ರಾತ್ರಿಯೆಲ್ಲ ಸುತ್ತಿ ಬಂದನಂತೆ. ಅವನ ಗೆಳತಿ ಸೇಡು ತೀರಿಸಿಕೊಳ್ಳಲು ಕೋಳಿಗೆ ಕಣ್ಣುಮುಚ್ಚಿ ಖಾರ ಸುರಿದಳಂತೆ. ಅವನಿಗೆ ಅದೇ ರುಚಿಸಿ ಹೋಟೆಲ್ಲೇ ತೆರೆದನಂತೆ! ಮಾಂಸ ತಿನ್ನುವವರು ಖಾರದ ಮಟ್ಟ ಕೇಳಿಕೊಂಡೇ ತರಿಸಿ.

ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ದಕ್ಷಿಣದ ಹೋಟೆಲುಗಳಲ್ಲಿ ಬೀನ್ಸ್, ಸೊಪ್ಪು ನೋಡಲು ನಮ್ಮ ಪಲ್ಯದಂತೆಯೇ ಕಾಣುತ್ತವೆ. ಆದರೆ ರುಚಿಗೆಂದು ಹಂದಿಮಾಂಸದ ತುಂಡು ಹಾಕಿ ಬೇಯಿಸುವ ರೂಢಿ ಅಲ್ಲಿದೆ. "ಇದರಲ್ಲಿ ಹ್ಯಾಮ್, ಬೇಕನ್ ಇದೆಯೇ?" ಎಂದು ಕೇಳಿಯೇ ತಿನ್ನಿ. ಕರಿದ ಬೆಂಡೆಕಾಯಿ, ಮೆಕ್ಕೆಜೋಳದ ಬ್ರೆಡ್ಡು, ನಮ್ಮ ಗಂಜಿಯಂಥ ಗ್ರಿಟ್ಸ್ ರುಚಿ ನೋಡಬಹುದು. ಹೇಗೆ ಬೇಯಿಸಿದ್ದೆಂದು ಅವಕ್ಕೂ ಕೇಳಿ. ಊರಾಚೆಯ ಬೆಲ್‌ವ್ಯೂ ಬಡಾವಣೆಯಲ್ಲಿ ಶ್ರೀ ಗಣೇಶ ದೇವಸ್ಥಾನವಿದೆ. ಹಿರಿಯರಿಗೆ ನೆಮ್ಮದಿ.

ಹೊರಡುವ ಮುನ್ನ

* ಪ್ರವಾಸದ ಪಟ್ಟಿ ಮಾಡುವಾಗ ಮನೆಯ ಪ್ರತಿಯೊಬ್ಬರೂ ಒಂದೊಂದು ಜಾಗ ಆರಿಸಲಿ. ಅಜ್ಜಿಯೂ ಆರಿಸಲಿ, ನೀವೂ ಆರಿಸಿ. "ಎಲ್ಲಾದರೂ ಸರಿ" ಎಂಬ ಉತ್ತರಕ್ಕೆ ಜಾಗವಿಲ್ಲ!

* ಜಾಗಗಳ ಕಥೆಯನ್ನು ಹಿಂದಿನ ರಾತ್ರಿಯೇ ಕನ್ನಡದಲ್ಲಿ ಹಿರಿಯರಿಗೆ ಹೇಳಿ. ಈ ಕೆಲಸ ಮೊಮ್ಮಕ್ಕಳಿಗೆ ವಹಿಸಿದರೆ ಅವರ ಕನ್ನಡವೂ ಸುಧಾರಿಸುತ್ತದೆ.

* ಕೂಸಿದ್ದರೆ ಪಾಳಿ ಹಾಕಿಕೊಳ್ಳಿ. ಒಂದು ಮ್ಯೂಸಿಯಂಗೆ ಅಮ್ಮ ಒಳಗೆ, ಅಪ್ಪ ಹೊರಗೆ. ಮುಂದಿನದಕ್ಕೆ ಅದಲುಬದಲು.

* ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ಯಿರಿ. ಆದರೆ ದಿನಕ್ಕೊಂದು ಊಟ ಹೊರಗೆ ಎಂದು ಮೊದಲೇ ತೀರ್ಮಾನವಾಗಲಿ. ಹೋಟೆಲ್ ಕೋಣೆಯಲ್ಲೂ ಬೆಳಿಗ್ಗೆ ಐದಕ್ಕೆದ್ದು ಕುಕ್ಕರ್ ಇಡುವುದಾದರೆ ಅದು ಪ್ರವಾಸ ಹೇಗಾದೀತು?

* ಏಪ್ರಿಲ್, ಮೇ, ಅಕ್ಟೋಬರ್ ಹವೆ ಹಿತ. ಜೂನ್‌ನಲ್ಲಿ ದೊಡ್ಡ ಸಂಗೀತೋತ್ಸವ ನಡೆಯುವುದರಿಂದ ಕೋಣೆ ದುಬಾರಿ.

* ವೀಲ್‌ಚೇರ್, ಲಿಫ್ಟ್ ಇದೆಯೇ ಎಂದು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ. ಹಿರಿಯರ ಮಾತ್ರೆ, ವಿಮೆಯ ಕಾಗದ ಕೈಚೀಲದಲ್ಲೇ ಇರಲಿ.

* ಸಂಜೆ ನದಿಯ ಮೇಲಿನ ಪಾದಚಾರಿ ಸೇತುವೆಗೆ ಹೋಗಿ. ಊರಿನ ದೀಪಗಳನ್ನು ನೋಡಲು ಕಾಸು ಖರ್ಚಿಲ್ಲ.

ಇನ್ನು ಡಾಲರನ್ನು ರೂಪಾಯಿಗೆ ಗುಣಿಸುವ ಚಟ. ಅದು ನಮ್ಮನ್ನು ಬಿಡುವುದಿಲ್ಲ, ನಿಜ. ಆದರೆ ಒಂದು ಗಮನಿಸಿ. ಮೊಮ್ಮಗನ ಐಸ್‌ಕ್ರೀಮಿಗೆ, ಯಜಮಾನರ ಟೀಶರ್ಟಿಗೆ ನಾವು ಗುಣಿಸುವುದಿಲ್ಲ. ನಮ್ಮ ಟಿಕೆಟ್ಟಿನ ಸರದಿ ಬಂದಾಗ ಮಾತ್ರ ಮಗ್ಗಿ ನೆನಪಾಗುತ್ತದೆ! ಅಷ್ಟು ದೂರ ವಿಮಾನದಲ್ಲಿ ಹೋದ ಮೇಲೆ ಬಾಗಿಲ ಹೊರಗೆ ಕೂತು ಉಳಿಸುವ ಹಣ ನಿಜಕ್ಕೂ ಉಳಿತಾಯವೇ?

ಮಕ್ಕಳಿಗೂ ಒಂದು ಮಾತು. ಅಮ್ಮ "ನಾನು ಇಲ್ಲೇ ಇರ್ತೀನಿ" ಎಂದಾಗ ಒಂದೇ ಸಲಕ್ಕೆ ಒಪ್ಪಿಬಿಡಬೇಡಿ. ಅವಳಿಗೆ ಬೇಡವಾಗಿದೆಯೋ, ಬೇಡ ಎನ್ನುವುದು ಅಭ್ಯಾಸವಾಗಿದೆಯೋ ವಿಚಾರಿಸಿ. ನಿಜಕ್ಕೂ ದಣಿವಾಗಿದ್ದರೆ ಒಬ್ಬರು ಜತೆಗೆ ಕೂತುಕೊಳ್ಳಿ. ಬರೀ ಅಭ್ಯಾಸವಾಗಿದ್ದರೆ ಕೈಹಿಡಿದು ಒಳಗೆ ಕರೆದೊಯ್ಯಿರಿ.

ಮತ್ತೆ ನೀವು, ಗೆಳತಿಯರೇ? ಊರು ನ್ಯಾಶ್‌ವಿಲ್ ಆಗಿರಲಿ, ನಮ್ಮದೇ ಬಾದಾಮಿ ಆಗಿರಲಿ. ಮುಂದಿನ ಸಲ ಕೌಂಟರಿನಲ್ಲಿ "ಎಷ್ಟು ಟಿಕೆಟ್?" ಎಂದು ಕೇಳಿದಾಗ ನಿಮ್ಮನ್ನೂ ಸೇರಿಸಿಯೇ ಎಣಿಸಿ. ಬ್ಯಾಗನ್ನು ಲಾಕರಿನಲ್ಲಿಟ್ಟರಾಯಿತು. ಏನಂತೀರಿ?